ತೊಟ್ಟಿಲೂ ಬೊಕ್ಕಸವೂ

ಮದುವೆಯ ಮಂಟಪದಲ್ಲಿ ಹಿರಿಯರು ಹೊಸ ವಧುವನ್ನು ಇಂದಿಗೂ ‘ಅಷ್ಟಪುತ್ರವತಿಯಾಗು’ ಎಂದು ಹರಸುವುದುಂಟು. ಈ ಮಾತು ನಡೆಯುವಂಥದಲ್ಲವೆಂದು ಹರಸುವವರಿಗೂ ಗೊತ್ತು, ತಲೆಬಾಗಿ ನಿಂತವಳಿಗೂ ಗೊತ್ತು. ಎಂಟು ಮಕ್ಕಳ ಮಾತು ಹಾಗಿರಲಿ, ಮೂರನೆಯದರ ಸುದ್ದಿ ಕಿವಿಗೆ ಬಿದ್ದರೆ ಹರಸಿದ ಹಿರಿಯರೇ ಹುಬ್ಬೇರಿಸುವ ಕಾಲ ಇದು. ಆಶೀರ್ವಾದದ ಮಾತು ಉಳಿದಿದೆ. ಅದರ ಬೆನ್ನಿಗಿದ್ದ ಲೆಕ್ಕ ಅಳಿದುಹೋಗಿದೆ.

ಲೆಕ್ಕವೆಂಬ ಮಾತನ್ನು ನಾನು ತಿಳಿದೇ ಬಳಸುತ್ತಿದ್ದೇನೆ. ಮಕ್ಕಳು ದೇವರ ವರವೆಂದು ನಂಬಿದ್ದ ಕಾಲದಲ್ಲಿಯೂ ಒಕ್ಕಲುತನದ ಮನೆ ಲೆಕ್ಕ ಹಾಕದೆ ಇರಲಿಲ್ಲ. ಹುಟ್ಟಿದವರಲ್ಲಿ ಅರ್ಧ ಮಂದಿ ಉಳಿದರೆ ಪುಣ್ಯ. ಉಳಿದವರು ಏಳೆಂಟು ವರ್ಷಕ್ಕೆ ದನ ಕಾಯುವರು, ಹದಿನೈದಕ್ಕೆ ರೆಂಟೆ ಹಿಡಿಯುವರು, ಕೊನೆಗೆ ಮುಪ್ಪಿನಲ್ಲಿ ಒಂದು ತುತ್ತು ಹಾಕುವರು. ಆಳಂದದ ಕಡೆಯ ಮುದುಕರೊಬ್ಬರು ನನಗೆ ಒಮ್ಮೆ ಹೇಳಿದರು: “ನಮ್ಮವ್ವ ಒಂಬತ್ತು ಹಡೆದಾಳ್ರಿ. ಉಳದವ್ರು ನಾವು ನಾಕು ಮಂದಿ.” ಆ ದನಿಯಲ್ಲಿ ದುಃಖವೂ ಇರಲಿಲ್ಲ, ಬೆರಗೂ ಇರಲಿಲ್ಲ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೆ?’ ಎಂಬ ಗಾದೆಯನ್ನು ನಂಬಿದವರೂ ಒಂಬತ್ತರಲ್ಲಿ ಐವರನ್ನು ಮಣ್ಣಿಗೆ ಕೊಡಬೇಕಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಈಗಿನ ಲೆಕ್ಕ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀ ತನ್ನ ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ 1.7. ಭಾರತದ ಸರಾಸರಿ 2.0. ತಂದೆತಾಯಿಗಳ ಸ್ಥಾನವನ್ನು ಮಕ್ಕಳು ತುಂಬಿ ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ ಈ ಸಂಖ್ಯೆ 2.1ರ ಸುಮಾರಿಗೆ ಇರಬೇಕೆಂಬುದು ಜನಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರ. ಅಂದರೆ ನಮ್ಮ ನಾಡು ಆ ಗೆರೆಯನ್ನು ದಾಟಿ ಕೆಳಗಿಳಿದು ವರ್ಷಗಳೇ ಆದವು. ಇಂದು ತೊಟ್ಟಿಲುಗಳು ಕಡಿಮೆಯಾದರೆ ಇಪ್ಪತ್ತು ವರ್ಷದ ಮೇಲೆ ದುಡಿಯುವ ಕೈಗಳು ಕಡಿಮೆಯಾಗುತ್ತವೆ. ನಲವತ್ತು ವರ್ಷದ ಮೇಲೆ ಊರುಗೋಲುಗಳು ಹೆಚ್ಚುತ್ತವೆ. ಜಪಾನು, ಕೊರಿಯ, ಇಟಲಿ ದೇಶಗಳು ಸಿರಿ ಬಂದ ಮೇಲೆ ಮುಪ್ಪಾದವು. ನಮಗೆ ಸಿರಿಗೆ ಮುನ್ನವೇ ನರೆ ಬರುವಂತೆ ತೋರುತ್ತಿದೆ. ಜನನ ಕುಗ್ಗುವಿಕೆಯ ಪ್ರಶ್ನೆ ಆರ್ಥಿಕ ನೀತಿಯ ಪ್ರಶ್ನೆಯಾಗುವುದು ಇಲ್ಲಿಯೇ.

ಮೂರು ತಾಲೂಕುಗಳು

ಈ ಪ್ರಶ್ನೆಯನ್ನು ಬೆಂಗಳೂರಿನ ಬಹುಮಹಡಿ ಮನೆಗಳಿಂದ ನೋಡುವುದು ವಾಡಿಕೆ. ನಾನು ಅದನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ನೋಡಬಯಸುತ್ತೇನೆ. ಇವು ಎರೆಭೂಮಿಯ ಸೀಮೆಗಳು. ತೊಗರಿ, ಬಿಳಿಜೋಳ, ಹತ್ತಿ ಇಲ್ಲಿಯ ಬಾಳು. ಭೀಮೆಯ ನೀರು ಹತ್ತಿದ ಕಡೆ ಕಬ್ಬು. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಅಫಜಲಪುರ ತಾಲೂಕಿನಲ್ಲಿ ಭೀಮಾ ಅಮರ್ಜಾ ಸಂಗಮದ ಬಳಿ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರವಿದೆ. ಸಂತಾನವಾಗಲೆಂದು ಹರಕೆ ಹೊರುವವರು ಇಂಥ ಎಡೆಗಳಿಗೆ ಹಿಂದೆಯೂ ಬರುತ್ತಿದ್ದರು, ಈಗಲೂ ಬರುತ್ತಾರೆ. ಆದರೆ ಈಗ ಬೇಡುವುದು ಒಂದನ್ನು ಅಥವಾ ಎರಡನ್ನು.

ಪ್ರಾದೇಶಿಕ ಅಸಮಾನತೆಯನ್ನು ಅಳೆಯಲು ನೇಮಕವಾಗಿದ್ದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿಯನ್ನೊಪ್ಪಿಸಿತು. ರಾಜ್ಯದ 39 ತಾಲೂಕುಗಳನ್ನು ಅದು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಮೂರು ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಸಂವಿಧಾನದ 371(ಜೆ) ವಿಧಿ ಬಂದದ್ದು, ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಾದದ್ದು, 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆಂಬ ಹೆಸರು ಪಡೆದದ್ದು ಎಲ್ಲವೂ ಆಮೇಲಿನ ಸಂಗತಿಗಳು.

ಇಂಥ ಸೀಮೆಯಲ್ಲಿ ಜನನ ಪ್ರಮಾಣ ಇಳಿಯಿತೆಂದು ಚಿಂತಿಸುವುದೆ ಎಂದು ವಾಚಕರು ಕೇಳಬಹುದು. ರಾಜ್ಯದ ಉಳಿದ ಭಾಗಕ್ಕೆ ಹೋಲಿಸಿದರೆ ಇಲ್ಲಿ ಮಕ್ಕಳು ಹೆಚ್ಚೆಂಬುದು ನಿಜ. 2001ರಿಂದ 2011ರವರೆಗೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ಸುಮಾರು 18ರಷ್ಟು ಬೆಳೆಯಿತು. ಅದೇ ಹತ್ತು ವರ್ಷಗಳಲ್ಲಿ ಕೊಡಗು ನೂರಕ್ಕೆ ಒಂದರಷ್ಟು ಮಾತ್ರ ಬೆಳೆಯಿತು. ಚಿಕ್ಕಮಗಳೂರು ಬೆಳೆಯುವ ಬದಲು ತುಸು ಕುಗ್ಗಿತು. ಈ ಅಂತರದ ಅರ್ಥವನ್ನು ನಾವು ಸರಿಯಾಗಿ ಓದಬೇಕು. ಮಲೆನಾಡೂ ಹಳೆಯ ಮೈಸೂರೂ ಮುಪ್ಪಿನತ್ತ ಹೊರಟಿರುವಾಗ ನಾಳೆಯ ಕರ್ನಾಟಕದ ದುಡಿಮೆಯ ದೊಡ್ಡ ಪಾಲನ್ನು ಹೊರಬೇಕಾದವರು ಕಲ್ಯಾಣ ಕರ್ನಾಟಕದ ಮಕ್ಕಳು. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವ ಕೈಗಳು ಜೇವರ್ಗಿಯ ಅಂಗನವಾಡಿಯಲ್ಲಿ ಬೆಳೆಯುತ್ತಿವೆ. ಆ ಅಂಗನವಾಡಿಗಳೂ ಮೊದಲಿನಂತೆ ತುಂಬಿ ತುಳುಕುತ್ತಿಲ್ಲ. ಇಳಿಮುಖ ಇಲ್ಲಿಯೂ ಆರಂಭವಾಗಿದೆ.

ಸರಕಾರದ ಕೈ

ಹೆರುವುದು ಮನೆಯ ವಿಷಯ, ಸರಕಾರಕ್ಕೇನು ಕೆಲಸ ಎನ್ನುವವರು ಇತಿಹಾಸವನ್ನು ನೋಡಬೇಕು. ನಮ್ಮ ನಾಡಿನಲ್ಲಿ ಸರಕಾರವು ತೊಟ್ಟಿಲಿನ ಮೇಲೆ ಕೈಯಿಟ್ಟು ಒಂದು ಶತಮಾನವೇ ಆಗುತ್ತ ಬಂದಿತು. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರಕಾರವೊಂದು ಈ ಕೆಲಸಕ್ಕೆ ಮುಂದಾದದ್ದು ಜಗತ್ತಿನಲ್ಲಿಯೇ ಮೊದಲೆಂದು ಹೇಳುತ್ತಾರೆ. ಆ ಆಜ್ಞೆ ನಮ್ಮ ಮೂರು ತಾಲೂಕುಗಳಿಗೆ ತಗುಲಲಿಲ್ಲ. ಅವು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಅಲ್ಲಿ ಜನಸಂಖ್ಯೆಯನ್ನು ನಿಯಂತ್ರಿಸುತ್ತಿದ್ದುದು ಬರ ಮತ್ತು ಬೇನೆ. 1891ರಲ್ಲಿ 1 ಕೋಟಿ 15 ಲಕ್ಷವಿದ್ದ ಹೈದರಾಬಾದ್ ಸಂಸ್ಥಾನದ ಜನ 1901ರಲ್ಲಿ 1 ಕೋಟಿ 11 ಲಕ್ಷಕ್ಕೆ ಇಳಿದರು. 1918ರ ಇನ್‌ಫ್ಲುಯೆಂಜಾ ಬೇನೆಯ ದಶಕದಲ್ಲಿ ಮತ್ತೊಮ್ಮೆ ಇಳಿದರು. ಎಂಟು ಹೆರುವ ಹರಕೆ ಇಂಥ ಕಾಲದ ಕೂಸೆಂಬುದನ್ನು ನೆನೆದರೆ ಅದರಲ್ಲಿ ನಗುವಂಥದೇನೂ ಇಲ್ಲ.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಕೆಂಪು ತ್ರಿಕೋನ ಗೋಡೆಗೋಡೆಗಳ ಮೇಲೆ ಮೂಡಿತು. ‘ಆರತಿಗೊಂದು, ಕೀರ್ತಿಗೊಂದು’ ಎಂಬ ಘೋಷಣೆ ಮಕ್ಕಳ ಬಾಯಲ್ಲಿಯೂ ನಲಿಯಿತು. ತುರ್ತು ಪರಿಸ್ಥಿತಿಯ 1976ರಲ್ಲಿ ಈ ಕಾರ್ಯ ದಂಡದ ರೂಪ ತಾಳಿತು. ಗುರಿ ತುಂಬಿಸಲು ಬಡವರನ್ನು ಹಿಡಿದು ತಂದ ಕಹಿ ನೆನಪು ಉತ್ತರ ಭಾರತದಲ್ಲಿ ಇಂದಿಗೂ ಆರಿಲ್ಲ. ಮುಂದೆ ದಂಡದ ಸ್ಥಾನಕ್ಕೆ ಹಣ ಬಂದಿತು. ಕರ್ನಾಟಕದ ಭಾಗ್ಯಲಕ್ಷ್ಮಿ ಯೋಜನೆ, 2006–07ರಲ್ಲಿ ಆರಂಭವಾದದ್ದು, ಬಡ ಮನೆಯ ಹೆಣ್ಣುಮಗುವಿನ ಹೆಸರಿನಲ್ಲಿ ಠೇವಣಿಯಿಟ್ಟಿತು. ಎರಡು ಹೆಣ್ಣುಮಕ್ಕಳಿಗೆ ಮಾತ್ರ, ಹದಿನೆಂಟು ತುಂಬುವ ಮೊದಲು ಮದುವೆಯಾಗಬಾರದು, ಶಾಲೆಗೆ ಹೋಗಬೇಕು. ಆರ್ಥಿಕ ನೀತಿಯೊಂದು ತೊಟ್ಟಿಲಿನ ಲೆಕ್ಕವನ್ನು ತಿದ್ದಲು ಮಾಡಿದ ಪ್ರಯತ್ನಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿಲ್ಲ.

ಆದರೆ ಮಕ್ಕಳು ಕಡಿಮೆಯಾದದ್ದು ಘೋಷಣೆಯಿಂದಲೂ ಠೇವಣಿಯಿಂದಲೂ ಮಾತ್ರವಲ್ಲ. ಹುಟ್ಟಿದ ಕೂಸು ಉಳಿಯುವ ಭರವಸೆ ಬಂದಿತು. ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆ. ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತಿದರು. ಇಪ್ಪತ್ತು ಎಕರೆ ಹೊಲ ನಾಲ್ವರು ಮಕ್ಕಳಿಗೆ ಐದೈದಾಗಿ, ಮೊಮ್ಮಕ್ಕಳಿಗೆ ಎರಡೂವರೆಯಾಗಿ ಒಡೆದುದನ್ನು ಕಂಡವರು ಮತ್ತೆ ಒಡೆಯುವ ಧೈರ್ಯ ಮಾಡಲಿಲ್ಲ. ದನ ಕಾಯುವ ಹುಡುಗ ಮನೆಗೆ ಆದಾಯವಾಗಿದ್ದ. ಇಂಗ್ಲಿಷು ಶಾಲೆಗೆ ಹೋಗುವ ಹುಡುಗ ಖರ್ಚಿನ ಬಾಬಾದ.

ಈ ಇಳಿಮುಖದ ಭಾರ ಯಾರ ಮೇಲೆ ಬಿತ್ತೆಂಬುದನ್ನೂ ಹೇಳಬೇಕು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಸೊನ್ನೆಯ ಸಮೀಪ. ಚಿಕ್ಕಂದಿನಲ್ಲಿ ಮದುವೆ, ಬೇಗಬೇಗ ಎರಡು ಹೆರಿಗೆ, ಅದರ ಬೆನ್ನಿಗೇ ಆಪರೇಷನ್ನು. ಇಪ್ಪತ್ತೈದು ತುಂಬುವುದರೊಳಗೆ ಹೆಣ್ಣಿನ ಲೆಕ್ಕವನ್ನು ಮುಗಿಸಿಬಿಡುವ ಈ ಕ್ರಮವನ್ನು ಅಭಿವೃದ್ಧಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಪ್ಪತ್ತರಿಂದ ಇಪ್ಪತ್ತನಾಲ್ಕರ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತೆಂದು ಆ ಸಮೀಕ್ಷೆಯೇ ಹೇಳುತ್ತದೆ.

ಕೂಲಿಯ ಮಾತು

ಜೇವರ್ಗಿ ತಾಲೂಕಿನ ಹಳ್ಳಿಯೊಂದರಲ್ಲಿ ತೊಗರಿ ಹೊಲದ ಕಳೆ ತೆಗೆಯುತ್ತಿದ್ದ ಹೆಂಗಸರ ನಡುವೆ ಈ ಮಾತು ಬಂದಿತ್ತು. ಎರಡು ಮಕ್ಕಳ ತಾಯಿಯೊಬ್ಬಳು ಕುಡುಗೋಲನ್ನು ನಿಲ್ಲಿಸದೆಯೇ ಹೇಳಿದಳು: “ಎರಡೇ ಸಾಕ್ರಿ ಸರ. ಒಂದು ಬಸರು ಅಂದ್ರ ಎರಡು ವರ್ಷದ ಕೂಲಿ ಹೋತು. ಕೂಸಿನ್ನ ಬಗಲಾಗ ಇಟಗೊಂಡು ಕಳೆ ತೆಗಿಲಾಕ ಬರ್ತದೇನ್ರಿ?” ಅರ್ಥಶಾಸ್ತ್ರದ ಗ್ರಂಥಗಳು ಹಲವು ಅಧ್ಯಾಯಗಳಲ್ಲಿ ವಿವರಿಸುವ ತತ್ತ್ವವನ್ನು ಆಕೆ ಮೂರು ವಾಕ್ಯಗಳಲ್ಲಿ ಹೇಳಿದಳು. ಮಗುವಿನ ನಿಜವಾದ ಬೆಲೆ ಅದಕ್ಕೆ ಕುಡಿಸುವ ಹಾಲಿನ ಬೆಲೆಯಷ್ಟೇ ಅಲ್ಲ. ತಾಯಿ ಕಳೆದುಕೊಳ್ಳುವ ದುಡಿಮೆಯೂ ಅದರಲ್ಲಿ ಸೇರಬೇಕು.

ಪಟ್ಟಣದ ನೌಕರಿಯ ಹೆಣ್ಣಿಗೆ 2017ರ ತಿದ್ದುಪಡಿ ವೇತನಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಹೊಲದ ಕೂಲಿಯವಳಿಗೆ ಆ ಕಾನೂನಿನ ನೆರಳು ಬೀಳಲಿಲ್ಲ. ಅದೇ ವರ್ಷ ಆರಂಭವಾದ ಮಾತೃವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಕೊಡುತ್ತದೆ. ಅದು ಎರಡು ಮೂರು ವಾರದ ಕೂಲಿಗೆ ಸಮ. ಎರಡು ವರ್ಷದ ನಷ್ಟಕ್ಕೆ ಮೂರು ವಾರದ ಪರಿಹಾರ! ಸುಗ್ಗಿ ಮುಗಿದ ಮೇಲೆ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರೆಂದು ಗುಳೆ ಹೋಗುವ ಸಂಸಾರಗಳ ಪಾಡು ಇನ್ನೂ ಕಠಿಣ. ಅಲ್ಲಿ ಅಂಗನವಾಡಿಯಿಲ್ಲ, ಅಜ್ಜಿಯಿಲ್ಲ, ಶಾಲೆಯ ಹಾಜರಿಯಿಲ್ಲ. ಮರಳಿನ ಗುಡ್ಡೆಯೇ ತೊಟ್ಟಿಲು.

ಹೀಗೆ ಇಳಿಮುಖಕ್ಕೆ ಎರಡು ದಾರಿಗಳಿವೆ. ಓದಿನಿಂದ, ಭರವಸೆಯಿಂದ, ಸ್ವಂತ ಇಚ್ಛೆಯಿಂದ ಮಕ್ಕಳನ್ನು ಕಡಿಮೆ ಮಾಡಿಕೊಳ್ಳುವುದು ಒಂದು ದಾರಿ, ಅದಕ್ಕೆ ಚಿಂತಿಸಬೇಕಾದುದಿಲ್ಲ. ಹೆದರಿಕೆಯಿಂದ, ನಾಳೆ ಏನೋ ಎಂಬ ಅಂಜಿಕೆಯಿಂದ, ಬೇಕೆನಿಸಿದ ಮಗುವನ್ನು ಬೇಡವೆನ್ನುವುದು ಮತ್ತೊಂದು ದಾರಿ. ಸರಕಾರದ ಕೆಲಸವಿರುವುದು ಈ ಎರಡನೆಯ ದಾರಿಯಲ್ಲಿ.

ಹೊರನಾಡಿನ ಪಾಠ

ಈಚೆಗೆ ಕೇಳಿಬರುತ್ತಿರುವ ದನಿ ಬೇರೆಯದು. 2024ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಹೆಚ್ಚು ಮಕ್ಕಳನ್ನು ಪಡೆಯಿರೆಂದು ಜನಕ್ಕೆ ಕರೆಕೊಟ್ಟರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂದು 1994ರಲ್ಲಿ ಮಾಡಿದ್ದ ನಿಯಮವನ್ನು ಆ ರಾಜ್ಯ 2024ರಲ್ಲಿ ರದ್ದು ಮಾಡಿತು. ಸಿಂಗಪುರದ ಕಥೆಯೂ ಹೀಗೆಯೇ: 1972ರಲ್ಲಿ ‘ಎರಡಕ್ಕೇ ನಿಲ್ಲಿಸಿ’ ಎಂದ ಸರಕಾರ 1987ರಲ್ಲಿ ‘ಶಕ್ತಿಯಿದ್ದರೆ ಮೂರು ಪಡೆಯಿರಿ’ ಎಂದಿತು, 2001ರಿಂದ ಮಗುವಿಗೆ ಹಣವನ್ನೂ ಕೊಟ್ಟಿತು. ತೊಟ್ಟಿಲುಗಳು ಮಾತ್ರ ಮರಳಲಿಲ್ಲ. ದಕ್ಷಿಣ ಕೊರಿಯ ವರ್ಷ ವರ್ಷವೂ ಅಪಾರ ದ್ರವ್ಯ ಸುರಿದರೂ 2023ರಲ್ಲಿ ಅಲ್ಲಿಯ ಸರಾಸರಿ 0.72ಕ್ಕೆ ಕುಸಿಯಿತು. ಹಂಗೆರಿ ನಾಲ್ಕು ಮಕ್ಕಳ ತಾಯಂದಿರಿಗೆ 2020ರಿಂದ ಆದಾಯ ತೆರಿಗೆಯನ್ನೇ ಮನ್ನಾ ಮಾಡಿತು. ಕೆಲಕಾಲ ಏರಿದ ಪ್ರಮಾಣ ಮತ್ತೆ ಇಳಿಯಿತು. ರುಮೇನಿಯ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ ಬಲವಂತದ ದಾರಿ ಹಿಡಿಯಿತು. ಮರುವರ್ಷ ಜನನ ಇಮ್ಮಡಿಯಾಯಿತು, ಆಮೇಲೆ ಇಳಿಯಿತು, ನಡುವೆ ಸತ್ತ ತಾಯಂದಿರು ಬಹಳ.

ಸ್ವೀಡನ್ನಿನ ದಾರಿ ಸ್ವಲ್ಪ ಬೇರೆ. ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿಗಳು 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಗುವಿನ ಖರ್ಚನ್ನು ತಾಯಿತಂದೆಗಳ ಮೇಲೆಯೇ ಹೊರಿಸಿ ಸಮಾಜವು ಅದರ ಫಲವನ್ನು ಮಾತ್ರ ಬಯಸುವುದು ನ್ಯಾಯವಲ್ಲವೆಂದು ವಾದಿಸಿದರು. ಮಕ್ಕಳು ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು, ಬೇಕೆನ್ನುವವರಿಗೆ ಆಸರೆಯೂ ಇರಬೇಕೆಂಬುದು ಅವರ ಮತ. ಹೆರಿಗೆಯ ಕಾರಣಕ್ಕೆ ಹೆಣ್ಣನ್ನು ಕೆಲಸದಿಂದ ತೆಗೆಯಬಾರದೆಂದು 1939ರಲ್ಲಿ ಅಲ್ಲಿ ಕಾನೂನಾಯಿತು. 1948ರಿಂದ ಪ್ರತಿಯೊಂದು ಮಗುವಿಗೂ ಭತ್ಯ ಬಂದಿತು. ಈ ಶತಮಾನದಲ್ಲಿ ಅಲ್ಲಿಯೂ ಪ್ರಮಾಣ 1.5ಕ್ಕಿಂತ ಕೆಳಗೆ ಇಳಿದಿದೆ, ಸುಳ್ಳಲ್ಲ. ಆದರೆ ಕೊರಿಯದ ಪ್ರಪಾತಕ್ಕೂ ಸ್ವೀಡನ್ನಿನ ಇಳಿಜಾರಿಗೂ ಬಹಳ ಅಂತರವಿದೆ. ಹಣದಿಂದ ಹೆರಿಗೆಯನ್ನು ಕೊಳ್ಳಲಾಗದು. ತಾಯಿಯ ಅಂಜಿಕೆಯನ್ನು ಕಡಿಮೆ ಮಾಡಬಹುದು. ಹೊರನಾಡು ನಮಗೆ ಕಲಿಸುವ ಪಾಠ ಇಷ್ಟೆ.

ಬೊಕ್ಕಸ ಮಾಡಬೇಕಾದುದು

ಹಾಗಾದರೆ ಈ ಮೂರು ತಾಲೂಕುಗಳಲ್ಲಿ ಬೊಕ್ಕಸ ಏನು ಮಾಡಬೇಕು? ನನ್ನ ದೃಷ್ಟಿಯಲ್ಲಿ ಮೊದಲ ಕೆಲಸ, ಹುಟ್ಟಿದ ಮಗುವನ್ನು ಸರಿಯಾಗಿ ಬೆಳೆಸುವುದು. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲವೆಂದು ಸಮೀಕ್ಷೆ ಹೇಳಿತು. ಕಲ್ಯಾಣ ಕರ್ನಾಟಕದಲ್ಲಿ ಈ ಕೊರತೆ ರಾಜ್ಯದ ಸರಾಸರಿಗಿಂತ ಹೆಚ್ಚು. ತೊಗರಿಯ ಕಣಜವೆಂದು ಹೆಸರಾದ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಗುರುತನ್ನು ಪಡೆದ ಜಿಲ್ಲೆಯ ಮಕ್ಕಳು ಬೇಳೆಯ ಸತ್ತ್ವವಿಲ್ಲದೆ ಕುಗ್ಗುವುದು ಎಂಥ ವಿಪರ್ಯಾಸ! ಇರುವ ಮಕ್ಕಳಲ್ಲಿ ಮೂರನೆಯ ಒಂದು ಪಾಲನ್ನು ಹೀಗೆ ಬಿಟ್ಟು ಇನ್ನಷ್ಟು ಮಕ್ಕಳನ್ನು ಕೇಳುವ ನಾಡು, ತೂತಿನ ಕೊಡಕ್ಕೆ ಮಳೆಯನ್ನು ಬೇಡಿದಂತೆ.

ಎರಡನೆಯದು, ದುಡಿಯುವ ತಾಯಿಯ ಮಗುವಿಗೆ ಒಂದು ಸೂರು. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು. ಕೆಲಸದ ಸ್ಥಳದಲ್ಲಿ ಐದು ಕೂಸುಗಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು 2005ರ ಆ ಕಾನೂನಿನಲ್ಲಿಯೇ ಬರೆದಿತ್ತು. ಬರೆದುದು ಕಾಗದದಲ್ಲಿ ಉಳಿದದ್ದೇ ಹೆಚ್ಚು. ಕರ್ನಾಟಕ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಹೆಸರಿನಷ್ಟೇ ಸೊಗಸಾದ ಯೋಜನೆ. ಕಳೆ ತೆಗೆಯುವ ಕಾಲದಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ, ಹೊಲದ ಕೂಲಿಯವರ ಮಕ್ಕಳಿಗೂ ಅದರ ಬಾಗಿಲು ತೆರೆದಿದ್ದರೆ ಆ ತಾಯಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ. 2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಕೈಗೆ ಸೇರುವುದು ಒಳ್ಳೆಯದೇ. ಆದರೆ ಹಣ ಕೂಸನ್ನು ಎತ್ತಿಕೊಳ್ಳಲಾರದು.

ಮೂರನೆಯದು, ಊರಿನ ಹತ್ತಿರ ಕೆಲಸ. ಕಲಬುರಗಿಗೆ 2023ರಲ್ಲಿ ದೊಡ್ಡ ಜವಳಿ ಉದ್ಯಾನವೊಂದು ಘೋಷಣೆಯಾಯಿತು. ಅಲ್ಲಿ ಹೊಲಿಗೆಯ ಯಂತ್ರಗಳ ಜೊತೆಗೆ ತೊಟ್ಟಿಲುಗಳಿಗೂ ಜಾಗ ಮಾಡಿದರೆ, ಗುಳೆ ಹೋಗುವ ಹುಡುಗಿ ಊರಲ್ಲಿಯೇ ಉಳಿದು ಸಂಸಾರ ಹೂಡಬಲ್ಲಳು. ಬೆಳೆದ ತೊಗರಿಯನ್ನು ಇಲ್ಲಿಯೇ ಬೇಳೆ ಮಾಡುವ, ಭೀಮೆಯ ನೀರನ್ನು ಕಬ್ಬಿನ ಗದ್ದೆಗಳಿಗೆ ಮಾತ್ರ ಮೀಸಲಿಡದ ನೀತಿಯೂ ಇದರೊಳಗೇ ಬರುತ್ತದೆ. ವರ್ಷದಲ್ಲಿ ಆರು ತಿಂಗಳು ಬೀಗ ಬಿದ್ದಿರುವ ಮನೆಯಲ್ಲಿ ತೊಟ್ಟಿಲು ಕಟ್ಟುವವರು ಯಾರು?

ನಾಲ್ಕನೆಯದು ಮುಪ್ಪಿನ ಆಸರೆ. 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಆರಂಭವಾದ ಸಂಧ್ಯಾ ಸುರಕ್ಷಾ ವೇತನ 1,200ಕ್ಕೆ ಏರಿದೆ. ಇಷ್ಟರಲ್ಲಿ ಬದುಕು ಸಾಗದು. ಮುಪ್ಪಿನ ಭಯಕ್ಕೆ ಮಗನನ್ನು ಹೆರುವ ಕಾಲ ಹೋಗಬೇಕು. ಹಾಗೆಯೇ ಮುದುಕರ ಭಾರವೆಲ್ಲ ಒಬ್ಬನೇ ಮಗನ, ಒಬ್ಬಳೇ ಸೊಸೆಯ ಹೆಗಲಿಗೆ ಬಿದ್ದು ಅವರು ತಮ್ಮ ಮಗುವನ್ನು ಮುಂದೂಡುವ ಕಾಲವೂ ಬರಬಾರದು.

ಇನ್ನೊಂದು ಅಂಜಿಕೆಯಿದೆ; ಅದು ರಾಜಕಾರಣದ್ದು. ಮಕ್ಕಳನ್ನು ಕಡಿಮೆ ಮಾಡಿಕೊಂಡ ರಾಜ್ಯಗಳು ಲೋಕಸಭೆಯ ಸ್ಥಾನಗಳಲ್ಲಿಯೂ ತೆರಿಗೆಯ ಪಾಲಿನಲ್ಲಿಯೂ ನಷ್ಟಕ್ಕೊಳಗಾಗುತ್ತವೆ ಎಂಬುದು. ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ ನೂರಕ್ಕೆ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. ತಲಾದಾಯದ ಅಂತರ ಅದಕ್ಕೆ ಮುಖ್ಯ ಕಾರಣ. 1971ರ ಎಣಿಕೆಯನ್ನು ಬಿಟ್ಟು 2011ರದನ್ನೇ ಹಿಡಿದದ್ದೂ ಸೇರಿತು. ಈ ದೂರು ನ್ಯಾಯವಾದದ್ದೇ. ಆದರೆ ಅದನ್ನು ದಿಲ್ಲಿಯ ಮೇಜಿನ ಮೇಲೆ ಇತ್ಯರ್ಥ ಮಾಡಬೇಕೇ ಹೊರತು ಅಫಜಲಪುರದ ಹೆಣ್ಣಿನ ಗರ್ಭದಲ್ಲಿ ಅಲ್ಲ. ರಾಜ್ಯಕ್ಕೆ ಸ್ಥಾನ ಬೇಕೆಂದು ಹೆರು ಎನ್ನುವುದೂ ದೇಶಕ್ಕೆ ಅನ್ನ ಸಾಲದೆಂದು ಹೆರಬೇಡ ಎನ್ನುವುದೂ ಒಂದೇ ದರ್ಪದ ಎರಡು ಮಾತುಗಳು.

ಕರ್ನಾಟಕ ಬೆಂಗಳೂರಿನ ಆದಾಯವನ್ನು ತೋರಿಸಿ ಸಿರಿವಂತನೆನಿಸಿಕೊಳ್ಳುತ್ತದೆ. ತಲಾದಾಯದ ಪಟ್ಟಿಯ ಕೆಳತುದಿಯಲ್ಲಿ ಕಲಬುರಗಿ ನಿಂತಿದೆ. ಇಪ್ಪತ್ತು ವರ್ಷದ ಮೇಲೆ ಆ ಸಿರಿಯನ್ನು ಹೊರಬೇಕಾದ ಮಕ್ಕಳು ಇಂದು ಇಲ್ಲಿಯ ಹಳ್ಳಿಗಳಲ್ಲಿ ಅಂಬೆಗಾಲಿಡುತ್ತಿದ್ದಾರೆ. ಅವರ ಸಂಖ್ಯೆ ಮೊದಲಿಗಿಂತ ಕಡಿಮೆ. ಆದ್ದರಿಂದಲೇ ಒಬ್ಬೊಬ್ಬರ ಬೆಲೆ ಮೊದಲಿಗಿಂತ ಹೆಚ್ಚು. ಇನ್ನು ಮುಂದೆ ಮಂಟಪದಲ್ಲಿ ನಿಂತ ವಧುವಿಗೆ ಎಷ್ಟು ಮಕ್ಕಳಾಗಲಿ ಎಂದು ಹರಸಬೇಕೆಂಬ ಚಿಂತೆ ಹಿರಿಯರಿಗೆ ಬೇಡ. ನಿನಗೆ ಬೇಕಾದಷ್ಟು ಆಗಲಿ, ಆದವರು ಹೊಟ್ಟೆತುಂಬ ಉಂಡು ಬೆಳೆಯಲಿ ಎಂದರೆ ಸಾಕು. ಆ ಹರಕೆಯನ್ನು ನಡೆಸಿಕೊಡುವ ಕೆಲಸ ಬೊಕ್ಕಸದ್ದು.